ಅಲಸಂದೆ ತಿನ್ನುವವರು

ಸಿರಿಮಾನ್ ಡೆಂಬೆಲೆ ಬಾಗಿಲು ಹಾಕಿಕೊಂಡ. ಅದು ಬರೀ ಒಂದು ಮನೆಯ ಬಾಗಿಲಾಗಿದ್ದರೆ ಚಿಂತೆಯಿರಲಿಲ್ಲ. ತೊರೊಬುಗು ಊರಿನ ಮೂಡಲ ಕೇರಿಯಲ್ಲಿ ಆ ಮುದುಕ ಕೆಮ್ಮಿದರೆ ಉಳಿದವರು ಗಂಟಲು ಸರಿಮಾಡಿಕೊಳ್ಳುತ್ತಾರೆ. ಅವನ ಬಾಗಿಲು ಮುಚ್ಚಿದ ಸದ್ದಿಗೆ ಪಕ್ಕದ ಮನೆಯದು ಮುಚ್ಚಿತು, ಅದರ ಪಕ್ಕದ್ದೂ ಮುಚ್ಚಿತು. ಬಾಗಿಲೇ ಇಲ್ಲದ ಮನೆಯವರು ಚಾಪೆ ಇಳಿಬಿಟ್ಟರು. ತೆನಿನ್ ಕೋನೆ ಕೈಯಲ್ಲಿ ಮಾತ್ರೆಯ ಡಬ್ಬಿ ಹಿಡಿದುಕೊಂಡು ಬೀದಿಯ ನಡುವೆ ಕೋಳಿಗಳ ಜೊತೆ ನಿಂತಿದ್ದಳು.

ತೆನಿನ್ ರಾಜಧಾನಿ ಬಮಾಕೊದಲ್ಲಿ ಡಾಕ್ಟರಿಕೆ ಓದುವ ಹುಡುಗಿ. ಮಳೆಗಾಲದ ರಜೆ ಬಂತೆಂದರೆ ಅವಳಂಥವರು ಬೈಕು ಹತ್ತಿ ಹಳ್ಳಿಗಳಿಗೆ ಚದುರುತ್ತಾರೆ. ಮಳೆ ಹಿಡಿಯಿತೆಂದರೆ ಸೊಳ್ಳೆ ಹಿಡಿಯಿತು, ಸೊಳ್ಳೆ ಹಿಡಿದರೆ ಮಲೇರಿಯಾ ಹಿಡಿಯಿತು. ಅದಕ್ಕೆ ಮೊದಲೇ ಐದು ವರ್ಷದೊಳಗಿನ ಮಕ್ಕಳಿಗೆ ತಿಂಗಳಿಗೊಮ್ಮೆ, ಮೂರು ದಿನ ಸಾಲಾಗಿ, ಮಾತ್ರೆ ನುಂಗಿಸಬೇಕು. ಹಾಗೆ ನುಂಗಿಸಿದ ಮಕ್ಕಳು ಮಳೆಗಾಲ ದಾಟುತ್ತಾರೆ. ಸಂಬಳವಿಲ್ಲ, ಪೆಟ್ರೋಲಿನ ಕಾಸಿಲ್ಲ, ಹೊಗಳಿಕೆಯಂತೂ ಮೊದಲೇ ಇಲ್ಲ. ಆದರೂ ತೆನಿನ್ ಎರಡನೆಯ ವರ್ಷವೂ ಹೆಸರು ಕೊಟ್ಟಿದ್ದಳು. ಪಡುವಣ ಕೇರಿಯ ಕೆಲಸ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮುಗಿದಿತ್ತು. ಮೂಡಲ ಕೇರಿಗೆ ಉಳಿದದ್ದು ನಾಳೆಯ ಒಂದು ದಿನ. ನಾಡಿದ್ದು ಹೊಳೆ ತುಂಬುವ ಮೊದಲು ಆಚೆ ದಡದ ಊರಿಗೆ ಹೋಗಲೇಬೇಕು.

ಅವಳ ತಪ್ಪೇನು? ಕೇಳಿದರೆ ಯಾರಿಗೂ ತಪ್ಪೇ ಕಾಣದು. ಚಪ್ಪಲಿ ಬಿಟ್ಟು ಒಳಗೆ ಬಂದಳು, ಮೊಣಕಾಲೂರಿದಳು, ಕಣ್ಣು ನೆಲಕ್ಕಿಟ್ಟು ಮುದುಕನ ಆರೋಗ್ಯ, ಹೆಂಡಿರ ಆರೋಗ್ಯ, ಎತ್ತುಗಳ ಆರೋಗ್ಯವನ್ನೆಲ್ಲ ವಿಚಾರಿಸಿದಳು. ಸಿರಿಮಾನ್ ಒಳ್ಳೆಯ ಲಹರಿಯಲ್ಲೇ ಇದ್ದ.

"ಯಾರ ಮನೆ ಮಗಳವ್ವ ನೀನು?"

"ಕೋನೆಯವರ ಮಗಳು, ಹಿರಿಯರೇ."

ಮುದುಕನ ಮುಖ ದೀಪ ಹಚ್ಚಿದಂತಾಯಿತು. ನಶ್ಯದ ಡಬ್ಬಿ ಬದಿಗಿಟ್ಟ. ಟೋಪಿ ಸರಿಮಾಡಿಕೊಂಡ. ಒಳಗಿದ್ದ ಸೊಸೆಯರು ಒನಕೆ ನಿಲ್ಲಿಸಿ ಬಾಗಿಲಿಗೆ ಬಂದರು. ಕೋನೆ ಕುಲಕ್ಕೂ ಡೆಂಬೆಲೆ ಕುಲಕ್ಕೂ ಅಜ್ಜಂದಿರ ಅಜ್ಜನ ಕಾಲದಿಂದ ಗೇಲಿಯ ನಂಟು. ಭಾವಮೈದುನರ ಸದರವೆಲ್ಲ ಅದರ ಮುಂದೆ ಏನೂ ಅಲ್ಲ. ದಾರಿಯಲ್ಲಿ ಎದುರಾದ ಗುರುತಿಲ್ಲದ ಡೆಂಬೆಲೆಯನ್ನೂ ಕೋನೆಯಾದವನು 'ನನ್ನ ಆಳೇ' ಎನ್ನಬಹುದು, ತಲೆಯ ಟೋಪಿ ಕಿತ್ತುಕೊಳ್ಳಬಹುದು. ಕೋಪಿಸಿಕೊಳ್ಳುವ ಹಕ್ಕು ಇಬ್ಬರಿಗೂ ಇಲ್ಲ. ಬಾಯಿಗೆ ಬಂದ ಬೈಗುಳದಲ್ಲೆಲ್ಲ ದೊಡ್ಡದು 'ಅಲಸಂದೆ ತಿನ್ನೋನೇ' ಎಂಬುದು. ಯಾಕೆ ಎಂದು ಯಾರನ್ನೂ ಕೇಳಬೇಡಿ, ತಿನ್ನದವರು ಆ ಸೀಮೆಯಲ್ಲಿ ಒಬ್ಬರೂ ಇಲ್ಲ.

ಮುದುಕ ಕಾದ. ತೆನಿನ್ ಸೊಳ್ಳೆಯ ಬಗ್ಗೆ ಹೇಳಿದಳು. ಮುದುಕ ಇನ್ನೂ ಕಾದ. ತೆನಿನ್ ನಿಂತ ನೀರಿನ ಬಗ್ಗೆ ಹೇಳಿದಳು. ಕೊನೆಗೆ ಅವನೇ ದಾರಿ ಮಾಡಿಕೊಟ್ಟ.

"ಕೋನೆ ಅಂದ್ಯಾ? ಅದಕ್ಕೇ ಮತ್ತೆ, ಬೆಳಗ್ಗಿಂದ ಕೇರಿ ತುಂಬಾ ಬೆಂದ ಅಲಸಂದೆ ವಾಸನೆ!"

ಸೊಸೆಯರು ಕಿಸಕ್ಕೆಂದರು. ತೆನಿನ್ ನಗಲಿಲ್ಲ. "ಹಿರಿಯರೇ, ಇದು ತಮಾಷೆ ಮಾಡೋ ವಿಷಯ ಅಲ್ಲ. ಮಕ್ಕಳ ಜೀವದ ವಿಷಯ," ಎಂದಳು.

ಸಿರಿಮಾನನ ಮುಖದ ದೀಪ ಆರಿತು. ಅವನು ಎದ್ದು ನಿಂತ.

"ಕೋನೆ ಅಂತಾಳೆ, ನನ್ನ ಬೈಯಲ್ಲ. ನಾನಾಗೇ ಬೈದ್ರೂ ತಿರುಗಿ ಬೈಯಲ್ಲ. ರೇಡಿಯೋ ಥರ ಒದರ್ತಾಳೆ. ಒಂದೋ ಇವಳು ಕೋನೆ ಅಲ್ಲ, ಇಲ್ಲಾ ಹೊಟ್ಟೇಲಿ ಏನೋ ಇಟ್ಕೊಂಡು ಬಂದವಳೆ. ನಗು ಬಚ್ಚಿಡೋಳು ಮಾತ್ರೆ ಒಳಗೆ ಏನು ಬಚ್ಚಿಟ್ಟವಳೋ! ಅಂಥ ಕೈಯನ್ನ ನನ್ನ ಮೊಮ್ಮಕ್ಕಳ ಬಾಯಿಗೆ ಬಿಡಲ್ಲ."

ಆಮೇಲೆ ಬಾಗಿಲು. ಆಮೇಲೆ ಕೋಳಿಗಳು.

ಬಾಗಿಲ ಸಂದಿಯಿಂದ ಒಂದು ಮಗು ಅವಳನ್ನೇ ನೋಡುತ್ತಿದ್ದುದು ತೆನಿನ್‌ಗೆ ಕಂಡಿತು. ಮೂರು ವರ್ಷದ ಹುಡುಗಿ, ಕಡ್ಡಿಯಂಥ ಕಾಲು, ಮುಖ ತುಂಬ ಕಣ್ಣು. ಒಳಗಿನಿಂದ ಒಂದು ಕೈ ಬಂದು ಆ ಮಗುವನ್ನು ಎಳೆದುಕೊಂಡಿತು.

ಸಂಜೆ ವೊರೊಕಿಯಾಳ ಅಂಗಳದಲ್ಲಿ ಪಂಚಾಯಿತಿ ನಡೆಯಿತು. ವೊರೊಕಿಯಾ ಊರಿನ ಹೆಂಗಸರ ಗುಂಪಿನ ಮುಂದಾಳು, ವಿದ್ಯಾರ್ಥಿಗಳು ತಂಗಿದ್ದು ಅವಳ ಮನೆಯಲ್ಲೇ. ಜೋಳದ ಮುದ್ದೆ, ಬೆಂಡೆಕಾಯಿ ಸಾರು ಇಟ್ಟು ಎಲ್ಲರನ್ನೂ ಒಂದೇ ಬೋಗುಣಿಯ ಸುತ್ತ ಕೂರಿಸಿದ್ದಳು. ತೆನಿನ್‌ಳ ಜೊತೆಗಾರ ಬ್ರೆಹಿಮಾ ಮುದ್ದೆ ನುಂಗುತ್ತಲೇ ಇದ್ದಿಲ ಒಲೆಯ ಮೇಲೆ ಚಹಾ ಕುದಿಸುತ್ತಿದ್ದ. ಅವನಿಗೆ ಓದಿಗಿಂತ ಚಹಾ ಚೆನ್ನಾಗಿ ಬರುತ್ತದೆ.

"ಸಿರಿಮಾನ್ ಇವತ್ತು ಊಟಾನೇ ಮಾಡಿಲ್ವಂತೆ," ಎಂದಳು ವೊರೊಕಿಯಾ. "ಅಲ್ವೇ ಹುಡುಗಿ, ಮುದುಕನಿಗೆ ಎಂಥ ಅವಮಾನ ಮಾಡ್ದೆ ನೀನು!"

"ನಾನಾ? ನಾನು ಒಂದು ಕೆಟ್ಟ ಮಾತಾಡ್ಲಿಲ್ಲ ಅತ್ತೆ!"

"ಅದೇ ಮತ್ತೆ! ಒಂದೇ ಒಂದು ಕೆಟ್ಟ ಮಾತಾಡಿದ್ರೆ ಈ ಹೊತ್ತಿಗೆ ನಿನಗೆ ಕೋಳಿ ಕುಯ್ದು ಹಾಕಿರೋನು."

ಬ್ರೆಹಿಮಾ ಚಹಾ ಎತ್ತರದಿಂದ ಸುರಿಯುತ್ತಾ, "ನಾನು ದಾರೀಲೇ ಹೇಳ್ದೆ ಅತ್ತೆ. ಇವಳು ಕ್ಲಾಸಲ್ಲೂ ಹೀಗೇ. ಡೆಂಬೆಲೆ ಅನ್ನೋರು ಯಾರಾದ್ರೂ ಹಲ್ಲು ಕಿರಿದ್ರೆ ಮುಖ ಹುಳಿ ಮಾಡ್ಕೊಂಡು ಎದ್ದು ಹೋಗ್ತಾಳೆ. ನನಗೆ ಕೊಡ್ಬಾರ್ದಿತ್ತಾ ಆ ಕುಲನ! ದಿನಾ ಒಬ್ಬೊಬ್ಬ ಡೆಂಬೆಲೆ ಹತ್ರ ಬಿಟ್ಟಿ ಊಟ ಹೊಡೀತಿದ್ದೆ," ಎಂದ.

"ನೀನು ಚಹಾ ನೋಡ್ಕೊ," ಎಂದಳು ತೆನಿನ್. ಆಮೇಲೆ ಬೋಗುಣಿಯಿಂದ ಕೈ ತೆಗೆದಳು. ಯಾರಿಗೂ ಹೇಳದ ಮಾತು ಅವಳ ಬಾಯಿಂದ ಆವತ್ತು ಬಂತು.

ಅವಳಿಗೊಬ್ಬ ತಮ್ಮನಿದ್ದ, ಮಾದು. ಮೂರು ವರ್ಷದವನು. ಒಂದು ಮಳೆಗಾಲದಲ್ಲಿ ಜ್ವರ ಬಂತು, ಹೋದ. ತೆನಿನ್‌ಗೆ ಆಗ ಏಳು ವರ್ಷ. ಮಣ್ಣು ಮಾಡಿ ಬಂದಮೇಲೆ ಅಮ್ಮ ಗೋಡೆಗೆ ಒರಗಿ ಕೂತವಳು ಏಳಲೇ ಇಲ್ಲ. ಬಂದವರೆಲ್ಲ ದನಿ ತಗ್ಗಿಸಿ ಮಾತಾಡುತ್ತಿದ್ದಾಗ ಅವರ ಬೀದಿಯ ದರ್ಜಿಯೊಬ್ಬ ಬಂದ. ಡೆಂಬೆಲೆ ಕುಲದವನು. ಸೀದಾ ಬಂದು ಅಮ್ಮನ ಹೊಸ್ತಿಲಿಗೆ ಅಡ್ಡವಾಗಿ ಉದ್ದಕ್ಕೆ ಮಲಗಿಬಿಟ್ಟ. "ಹೋದೋನು ಯಾರ ಆಳು? ನನ್ನ ಆಳು! ನನಗೆ ಹೇಳ್ದೆ ಹೆಂಗೆ ಹೋದ? ಒಂದು ಬೋಗುಣಿ ಅಲಸಂದೆ ಕೊಡೋವರೆಗೂ ನಾನಿಲ್ಲಿಂದ ಏಳಲ್ಲ!" ಎಂದು ಕೂಗಿದ. ಅಮ್ಮ ನಕ್ಕಳು. ಮಗನನ್ನು ಕಳೆದುಕೊಂಡ ತಾಯಿ ಎಲ್ಲರೆದುರು ಬಾಯಿ ತೆರೆದು ನಕ್ಕಳು. ತೆನಿನ್ ತನ್ನ ಚಪ್ಪಲಿ ಕಿತ್ತು ದರ್ಜಿಗೆ ಎಸೆದಿದ್ದಳು.

"ಅವತ್ತಿಂದ ನನಗೆ ಆ ಗೇಲಿ ಅಂದ್ರೆ ಮೈ ಉರಿಯತ್ತೆ ಅತ್ತೆ. ನನ್ನ ತಮ್ಮ ಹೋಗಿದ್ದ, ಅವರಿಗೆ ಅಲಸಂದೆ ಬೇಕಾಗಿತ್ತು."

ಬ್ರೆಹಿಮಾ ಚಹಾದ ಲೋಟ ಕೆಳಗಿಟ್ಟ. ವೊರೊಕಿಯಾ ಕೇಳಿದಳು: "ಅಲಸಂದೆ ಕೊಟ್ರಾ ಅವನಿಗೆ?"

"ಕೊಟ್ರು. ಪಕ್ಕದ ಮನೆಯವರು ತಂದ್ರು."

"ತಿಂದ್ನಾ?"

ತೆನಿನ್ ನೆನಪು ಮಾಡಿಕೊಂಡಳು. ಇಲ್ಲ, ತಿನ್ನಲಿಲ್ಲ. ಬೋಗುಣಿಯನ್ನು ಅಮ್ಮನ ಮುಂದೆ ತಳ್ಳಿದ್ದ. 'ವಿಷ ಹಾಕಿದೀರೇನೋ, ನಿಮ್ಮ ಕೋನೆಗಳನ್ನ ಯಾರು ನಂಬ್ತಾರೆ, ಮೊದಲು ನೀನು ತಿಂದು ತೋರ್ಸು' ಎಂದಿದ್ದ. ಅಮ್ಮ ಒಂದು ತುತ್ತು ತಿಂದಿದ್ದಳು. ಇನ್ನೊಂದು ತುತ್ತು ಎಂದಿದ್ದ. ಅಮ್ಮ ಅದನ್ನೂ ತಿಂದಿದ್ದಳು. ಮಾದು ಹೋದಮೇಲೆ ಅಮ್ಮ ಬಾಯಿಗಿಟ್ಟ ಮೊದಲ ಅನ್ನ ಅದು. ಆ ನಗುವೂ ಈ ತುತ್ತೂ ಇಷ್ಟು ವರ್ಷ ತೆನಿನ್‌ಳ ತಲೆಯಲ್ಲಿ ಬೇರೆ ಬೇರೆ ಮೂಲೆಯಲ್ಲಿ ಬಿದ್ದಿದ್ದವು.

ಅವಳು ಅತ್ತಳು. ವೊರೊಕಿಯಾ ತಡೆಯಲಿಲ್ಲ. ಅತ್ತು ಮುಗಿದಮೇಲೆ ಬೋಗುಣಿಯನ್ನು ಅವಳ ಕಡೆ ಸರಿಸಿ, "ತಿನ್ನು. ನಾಳೆ ಬೈಯೋಕೆ ಶಕ್ತಿ ಬೇಕು. ಆ ಮುದುಕನ ಬಾಯಿ ಸಾಮಾನ್ಯದ್ದಲ್ಲ," ಎಂದಳು.

ಬೆಳಗಾದ ಮೇಲೆ ಮೂಡಲ ಕೇರಿಯವರು ಕಂಡದ್ದಿಷ್ಟು. ಡಾಕ್ಟರಿಕೆ ಓದುವ ಹುಡುಗಿ ಬಿಳಿಯ ಅಂಗಿಯನ್ನೂ ಲೆಕ್ಕಿಸದೆ ಸಿರಿಮಾನ್ ಡೆಂಬೆಲೆಯ ಹೊಸ್ತಿಲಿಗೆ ಅಡ್ಡವಾಗಿ ಉದ್ದಕ್ಕೆ ಮಲಗಿದ್ದಳು. ತಲೆಯ ಹತ್ತಿರ ಬೆಂದ ಅಲಸಂದೆಯ ಬೋಗುಣಿ ಹಬೆಯಾಡುತ್ತಿತ್ತು. ಪಕ್ಕದಲ್ಲಿ ಬ್ರೆಹಿಮಾ ಮಾತ್ರೆಯ ಡಬ್ಬಿಯ ಮೇಲೆ ಕೂತು, ಜಾತ್ರೆಗೆ ಬಂದವನಂತೆ ಕಡಲೆಕಾಯಿ ಬಿಡಿಸುತ್ತಿದ್ದ.

ಒಳಗಿನಿಂದ ಮುದುಕ ಬಂದ. ನಿಂತ. ಕೆಳಗೆ ನೋಡಿದ.

"ಯಾವಳೇ ಅದು, ನನ್ನ ಬಾಗಿಲಿಗೆ ಅಡ್ಡ ಬಿದ್ದಿರೋಳು?"

ಹಿರಿಯರಿಗೆ ಏಕವಚನ ಹಾಕಿ ತೆನಿನ್‌ಗೆ ಅಭ್ಯಾಸವೇ ಇರಲಿಲ್ಲ. ಕಣ್ಣು ಮುಚ್ಚಿಕೊಂಡು ಬಾಯಿ ಬಿಟ್ಟಳು.

"ನಿನ್ನ ಯಜಮಾನಿ ಕಣೋ! ಸೂರ್ಯ ನೆತ್ತಿಗೆ ಬಂದ, ಈಗ ಏಳ್ತಿದೀಯಾ? ನಮ್ಮಜ್ಜ ನಿನ್ನ ಕೊಂಡ್ಕೊಳ್ಳೋವಾಗ ಹಲ್ಲು ಮಾತ್ರ ನೋಡಿದ್ನಂತೆ. ಕೆಲಸ ಮಾಡ್ತಾನಾ ಅಂತ ನೋಡೋದು ಮರೆತ್ನಂತೆ!"

ಮುಚ್ಚಿದ್ದ ಬಾಗಿಲುಗಳು ಒಂದೊಂದಾಗಿ ತೆರೆದವು, ಚಾಪೆಗಳು ಮೇಲೆದ್ದವು. ಮುದುಕ ಮುಖ ಗಂಟಿಕ್ಕಿಕೊಂಡೇ ಸುತ್ತ ನೋಡಿದ.

"ಓಹೋ. ರೇಡಿಯೋ ಇವತ್ತು ಬೇರೆ ಸ್ಟೇಷನ್ ಹಿಡಿದದೆ. ಏಳೇ, ಅಲಸಂದೆ ಹೊಟ್ಟೆಯೋಳೆ! ನಿಮ್ಮ ಕೋನೆಗಳು ಹೊಲದಲ್ಲಿ ಅಲಸಂದೆ ಬಳ್ಳಿ ಕಂಡ್ರೆ ಚಪ್ಪಲಿ ಬಿಟ್ಟು ಸಲಾಮ್ ಹೊಡೀತಾರೆ."

"ನಿಮ್ಮ ಡೆಂಬೆಲೆಗಳು ಅಲಸಂದೆ ಮಡಕೆ ಒಲೆ ಮೇಲಿದ್ರೆ ಮದುವೆ ದಿಬ್ಬಣಾನೇ ನಿಲ್ಲಿಸ್ತಾರೆ. ಹುಡುಗಿ ಬಿಟ್ಟು ಮಡಕೆ ಹೊತ್ಕೊಂಡು ಹೋಗ್ತಾರೆ!"

ಸೊಸೆಯರಲ್ಲಿ ಒಬ್ಬಳು ನಗು ತಡೆಯಲಾರದೆ ಕಂಬ ಹಿಡಿದುಕೊಂಡಳು. "ಅದು ನಿಜ ಮಾವ, ನನ್ನ ಮದುವೇಲಿ ಹಂಗೇ ಆಯ್ತು," ಎಂದಳು. ಮುದುಕ ಅವಳ ಕಡೆ ಕೋಲು ತೋರಿಸಿದ. ಅವನ ತುಟಿಯ ತುದಿ ಮಾತ್ರ ಹೇಳಿದ ಮಾತು ಕೇಳದೆ ಅಲುಗಾಡುತ್ತಿತ್ತು.

"ನಿನಗೇನು ಬೇಕೇ ಈಗ?"

ತೆನಿನ್ ಎದ್ದು ಕೂತಳು. "ನೀನು ನನ್ನ ಆಳು ಹೌದೋ ಅಲ್ವೋ?"

"ನೀನು ನನ್ನ ಆಳು. ಸರಿ, ಮುಂದೆ ಹೇಳು."

"ಆಳಿನ ಮಕ್ಕಳು ಮೊಮ್ಮಕ್ಕಳು ಯಾರಿಗೆ ಸೇರಿದ್ದು? ಯಜಮಾನಿಗೆ. ಈ ಮನೇಲಿ ಓಡಾಡೋ ಚಿಳ್ಳೆಪಿಳ್ಳೆ ಎಲ್ಲಾ ನನ್ನ ಸೊತ್ತು. ಮಳೆ ಬಂದದೆ, ಸೊಳ್ಳೆ ಬಂದದೆ. ನನ್ನ ಸೊತ್ತನ್ನ ನಾನು ಕಾಪಾಡ್ಕೋಬೇಕು. ನನ್ನ ಮಾತ್ರೆ, ನನ್ನ ಮಕ್ಕಳು. ಮಧ್ಯ ನಿನ್ನನ್ಯಾಕೆ ಕೇಳ್ಲಿ? ದಾರಿ ಬಿಡು!"

ಕೇರಿಗೆ ಕೇರಿಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಸಿರಿಮಾನ್ ನಗಲಿಲ್ಲ. ಕೋಲು ಗೋಡೆಗೆ ಒರಗಿಸಿ, ಮಂಡಿ ಹಿಡಿದುಕೊಂಡು ಮೆಲ್ಲಗೆ ಅವಳೆದುರು ಕುಕ್ಕರುಗಾಲಲ್ಲಿ ಕೂತ. ಅವಳಿಗೊಬ್ಬಳಿಗೇ ಕೇಳುವಂತೆ ಕೇಳಿದ:

"ಇಷ್ಟು ಚಂದ ಬೈಯೋಕೆ ಬರ್ತದೆ. ನಿನ್ನೆ ಯಾಕವ್ವ ಬೈಲಿಲ್ಲ?"

ತೆನಿನ್ ತಮಾಷೆ ಬದಿಗಿಟ್ಟಳು. "ನನ್ನ ತಮ್ಮ ಇದೇ ಜ್ವರದಲ್ಲಿ ಹೋದ ತಾತ. ಮೂರು ವರ್ಷದೋನು. ಈ ಮಾತ್ರೆ ಆಗ ನಮಗೆ ಸಿಕ್ಕಿರ್ಲಿಲ್ಲ. ಈ ಡಬ್ಬಿ ಕೈಯಲ್ಲಿ ಹಿಡಿದ್ರೆ ನನಗೆ ನಗು ಬರಲ್ಲ," ಎಂದಳು.

ಹತ್ತಿರ ನಿಂತವರಿಗೆ ಕೇಳಿಸಿತು. ಅವರು ಹಿಂದಿನವರಿಗೆ ಹೇಳಿದರು. ನಗು ನಿಂತಿತು. ಮುದುಕ ಥಟ್ಟನೆ ಎದ್ದು, ಟೋಪಿ ತೆಗೆದು ನೆಲಕ್ಕೆ ಬಡಿದು, ಕೇರಿಯ ಕೊನೆಯವರೆಗೂ ಕೇಳುವಂತೆ ಕೂಗಿದ.

"ಹೋದೋನು ಯಾರ ಆಳು? ನನ್ನ ಆಳು! ನನಗೆ ಹೇಳ್ದೆ ಹೆಂಗೆ ಹೋದ? ಯಾರನ್ನ ಕೇಳಿ ಹೋದ?"

ದರ್ಜಿ ಆಡಿದ್ದ ಅದೇ ಮಾತು, ಕೋನೆಯವರ ಸಾವಿಗೆ ಡೆಂಬೆಲೆಗಳು ಆಡುತ್ತ ಬಂದ ಮಾತು. ಆದರೆ ಮುದುಕನ ಕಣ್ಣು ತುಂಬಿತ್ತು. ಅವನು ನಿಜವಾಗಿಯೂ ಮಾದುವಿನ ಮೇಲೆ ಸಿಟ್ಟಾಗಿದ್ದ, ತನ್ನ ಮನೆಯ ಹುಡುಗನ ಮೇಲೆ ಆಗುವ ಹಾಗೆ. ತೆನಿನ್‌ಗೆ ನಗು ಬಂತು. ಏಳನೆಯ ವಯಸ್ಸಿನಲ್ಲಿ ನಗದೆ ಉಳಿಸಿಕೊಂಡದ್ದೆಲ್ಲ ಒಟ್ಟಿಗೆ ಬಂತು, ಜೊತೆಗೆ ಅಳುವೂ ಬಂತು. ಆ ಹೊತ್ತಿಗೆ, ಅಂದು ನಕ್ಕಿದ್ದ ಅಮ್ಮನ ಮೇಲಿದ್ದ ಸಿಟ್ಟು ಪೂರಾ ಇಳಿದುಹೋಯಿತು.

"ಹೇಳ್ದೆ ಹೋದ ಆಳಿಗೆ ತೆರ ಕೊಡು ತೆರ!" ಎಂದ ಮುದುಕ, ಕೈ ಚಾಚಿ.

ತೆನಿನ್ ಮೂಗು ಒರೆಸಿಕೊಂಡು ಅಲಸಂದೆಯ ಬೋಗುಣಿ ಅವನ ಮುಂದೆ ತಳ್ಳಿದಳು.

"ಮೊದಲು ನೀನು ತಿನ್ನು. ಕೋನೆಗಳನ್ನ ಯಾರು ನಂಬ್ತಾರೆ?"

ತಿಂದಳು. ಅವನೂ ತಿಂದ. ಒಂದು ತುತ್ತಿನಲ್ಲಿ ಬೋಗುಣಿಯ ಕಾಲುಭಾಗ ಖಾಲಿ ಮಾಡಿದ್ದನ್ನು ಕಂಡು ಬ್ರೆಹಿಮಾ, "ನೋಡ್ರಪ್ಪ, ಯಾರು ಅಲಸಂದೆ ತಿನ್ನೋರು ಅಂತ ಇವತ್ತು ತೀರ್ಮಾನ ಆಯ್ತು," ಎಂದ. ಮುದುಕ ಬಾಯಿ ತುಂಬಿದ್ದರಿಂದ ಬೈಯಲಾಗದೆ ಅವನ ಕಡಲೆಕಾಯಿಯನ್ನು ಕಿತ್ತುಕೊಂಡ.

ಆಮೇಲೆ ಒಳಗೆ ಹೋಗಿ ಆ ಕಡ್ಡಿಕಾಲಿನ ಹುಡುಗಿಯನ್ನು ತಾನೇ ಎತ್ತಿಕೊಂಡು ಬಂದ. "ಇವಳು ಸಿರಾ. ಹೋದ ಮಳೇಲಿ ಇವಳನ್ನ ಬೆನ್ನಿಗೆ ಕಟ್ಕೊಂಡು ಸೈಕಲ್ ತುಳಿದೆ ಆಸ್ಪತ್ರೆಗೆ. ದಾರಿ ಉದ್ದಕ್ಕೂ ಕತ್ತಿನ ಹಿಂದೆ ಇವಳ ಉಸಿರು ಇದೆಯಾ ಅಂತ ನೋಡ್ತಾ ಹೋದೆ. ಇವಳ ಬಾಯಿಗೆ ಯಾರೋ ಏನೋ ಹಾಕೋದು ಅಂದ್ರೆ ನನ್ನ ಜೀವ ಹಾರಿಹೋಗ್ತದೆ. ಅದಕ್ಕೇ ನಿನ್ನೆ ಬಾಗಿಲು ಹಾಕ್ದೆ. ನಮ್ಮೋರಾಗಿದ್ರೆ ಬೈತಾರೆ, ಬೈದೋರು ಕೆಟ್ಟದ್ದು ಮಾಡಲ್ಲ. ಈಗ ಹಾಕು."

ತೆನಿನ್ ಮಗುವಿನ ಹಣೆ ಮುಟ್ಟಿ ನೋಡಿದಳು. ತಣ್ಣಗಿತ್ತು. ಮಾತ್ರೆ ಅರೆದು, ಸಕ್ಕರೆ ನೀರಿನಲ್ಲಿ ಕಲಸಿ ಚಮಚದಲ್ಲಿ ಕೊಟ್ಟಳು. ಸಿರಾ ಅದನ್ನು ಬಾಯಲ್ಲಿಟ್ಟುಕೊಂಡು ಯೋಚಿಸಿ, ಗುರಿಯಿಟ್ಟು ತೆನಿನ್‌ಳ ಬಿಳಿಯಂಗಿಯ ಮೇಲೆ ಉಗಿದಳು.

"ಡೆಂಬೆಲೆ ರಕ್ತ! ಅನುಮಾನವೇ ಇಲ್ಲ!" ಎಂದು ಮುದುಕ ತೊಡೆ ತಟ್ಟಿದ.

ಎರಡನೆಯ ಸಲ ಅಲಸಂದೆಯ ಒಂದು ಕಾಳು ಲಂಚ ಕೊಟ್ಟಮೇಲೆ ನುಂಗಿದಳು. ಅವಳ ಹಿಂದೆ ಮನೆಯ ಮಕ್ಕಳು, ಪಕ್ಕದ ಮನೆಯವರು, ಚಾಪೆ ಇಳಿಬಿಟ್ಟಿದ್ದವರು ಎಲ್ಲರೂ ಬಂದರು. ಸಾಲು ಕಾಯಿಸಿದ್ದು ಸಿರಿಮಾನೇ. ನುಗ್ಗಿದವರನ್ನು ಕೋಲಿನಿಂದ ಹಿಂದಕ್ಕೆ ಸರಿಸುತ್ತಾ, "ಯಜಮಾನಿಗೆ ಗಾಳಿ ಬಿಡ್ರೋ," ಎನ್ನುತ್ತಿದ್ದ. ಉಳಿದ ಎರಡು ದಿನದ ಮಾತ್ರೆಯನ್ನು ತಾಯಂದಿರ ಕೈಗೆ ಕೊಡುವಾಗ ಪ್ರತಿಯೊಬ್ಬಳಿಂದಲೂ ತಾನೇ ಆಣೆ ಹಾಕಿಸಿಕೊಂಡ. ಮಧ್ಯಾಹ್ನ ಕೋಳಿಯನ್ನೂ ಕೊಯ್ದರು. ಬ್ರೆಹಿಮಾ ಎರಡು ಕಾಲು ತಿಂದ.

ಹೊರಟಾಗ ಮುದುಕ ಹೇಳಿದ: "ಮುಂದಿನ ತಿಂಗಳು ಬಾ. ಹೊಸ ಬೈಗುಳ ಕಲ್ತ್ಕೊಂಡು ಬಾ. ಹಳೇದು ತಂದ್ರೆ ಒಳಗೆ ಬಿಡಲ್ಲ."

ಆ ತಿಂಗಳು ಮಳೆ ಸುರಿದದ್ದು ಸುರಿದದ್ದೇ. ಆಚೆ ದಡದ ಊರುಗಳಲ್ಲಿ ತೆನಿನ್ ಎಷ್ಟೋ ಮಕ್ಕಳಿಗೆ ಮಾತ್ರೆ ಹಾಕಿದಳು, ಎಷ್ಟೋ ಜನರಿಂದ ಬೈಸಿಕೊಂಡಳು. ಆದರೆ ಜೋರು ಮಳೆ ಬಂದಾಗೆಲ್ಲ ಅವಳಿಗೆ ಸಿರಾಳ ಕಡ್ಡಿಕಾಲೇ ನೆನಪಾಗುತ್ತಿತ್ತು. ತಾಯಿ ಉಳಿದ ಮಾತ್ರೆ ಕೊಟ್ಟಿದ್ದಾಳೋ ಇಲ್ಲವೋ, ಮಗು ಅದನ್ನೂ ಉಗಿದಿದೆಯೋ ಏನೋ. ತೊರೊಬುಗುವಿಗೆ ತಿರುಗಿ ಹೊರಟ ದಿನ ಬೈಕು ಕೆಸರಿನಲ್ಲಿ ಹೂತುಕೊಂಡು, ಕೊನೆಯ ಹಾದಿಯನ್ನು ಬ್ರೆಹಿಮಾನೂ ಅವಳೂ ನಡೆದೇ ಬಂದರು.

ಕೇರಿಯ ತುದಿಯಲ್ಲಿ ಯಾರೂ ಇರಲಿಲ್ಲ. ಸಿರಿಮಾನನ ಬಾಗಿಲು ಮುಚ್ಚಿತ್ತು. ತೆನಿನ್ ನಿಂತಳು.

ಬಾಗಿಲು ತಳ್ಳಿಕೊಂಡು ಒಂದು ಮಗು ಹೊರಗೆ ಬಂತು. ಕಾಲು ಈಗ ಕಡ್ಡಿಯಾಗಿರಲಿಲ್ಲ. ಕೆನ್ನೆ ತುಂಬಿಕೊಂಡಿತ್ತು. ಸೊಂಟದ ಮೇಲೆ ಎರಡೂ ಕೈಯಿಟ್ಟುಕೊಂಡು ತೆನಿನ್‌ಳನ್ನು ಮೇಲಿನಿಂದ ಕೆಳಗೆ ನೋಡಿ, ಒಳಕ್ಕೆ ತಿರುಗಿ ಕೂಗಿತು:

"ತಾತಾ! ಅಲಸಂದೆ ತಿನ್ನೋಳು ಬಂದ್ಲು!"

ತೆನಿನ್ ಕೆಸರಿನಲ್ಲೇ ಕೂತುಬಿಟ್ಟಳು. ಸಿರಾ ಓಡಿಬಂದು ಅವಳ ತಲೆಯ ಮೇಲಿನ ಬಟ್ಟೆ ಕಿತ್ತುಕೊಂಡಳು, ಡೆಂಬೆಲೆಯಾಗಿ ಅದು ಅವಳ ಹಕ್ಕು. ಬಾಗಿಲಲ್ಲಿ ಸಿರಿಮಾನ್ ಕೋಲೂರಿ ನಿಂತಿದ್ದ.

"ಯಾಕೆ ಅಳ್ತಾಳೆ ಇವಳು? ಅಳೋ ಆಳು ನನಗೆ ಬೇಡ. ನಗ್ತೀನಿ ಅಂದ್ರೆ ಒಳಗೆ ಬರಲಿ, ಒಲೆ ಮೇಲೆ ಅಲಸಂದೆ ಇದೆ."